ಕರೆಂಟು ಹೋಗದ ಯಂತ್ರ

ನಮ್ಮ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು ಎಂದು ಗೊತ್ತಾದ ದಿನದಿಂದ ಮ್ಯಾನೇಜರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಅಕ್ಕೋರು. ಆ ಕಡೆ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು. ಅದನ್ನು ಇಲ್ಲಿ ಬರೆಯಲು ಹೋದರೆ ಬೇರೆ ಯಾರದೋ ಹೆಸರಿನಂತೆ ಕಾಣುತ್ತದೆ. ಅಕ್ಕೋರು ಎಂದೇ ಬರೆಯುತ್ತೇನೆ.

ಅವರು ಹೋಗಿ ಕೆಲವು ತಿಂಗಳಾದವು. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಬೆಳಿಗ್ಗೆ ಯಲಹಂಕದಲ್ಲಿ ಬಸ್ಸು ಹತ್ತುತ್ತೇನೆ, ಹೆಬ್ಬಾಳದಲ್ಲಿ ಬದಲಿಸುತ್ತೇನೆ, ಯಶವಂತಪುರದಲ್ಲಿ ಇಳಿದು ಕೆಲಸಕ್ಕೆ ಹೋಗುತ್ತೇನೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಬರೆದರೆ ಏನಾದರೂ ಆದೀತೇನೋ ಎಂದು ಬರೆಯಲು ಕೂತಿದ್ದೇನೆ.

ಡಿಪ್ಲೊಮಾ ಮುಗಿಸಿ ನಾನು ಇಲ್ಲಿಗೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ಯಂತ್ರಗಳನ್ನು ತಾವಾಗಿ ನಡೆಸುವ ನಿಯಂತ್ರಣ ಪೆಟ್ಟಿಗೆಗಳನ್ನು ಮಾಡುವ ಸಣ್ಣ ಕಂಪನಿ ನಮ್ಮದು. ಮೊದಲ ದಿನ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡು, ಒಳಗೆ ಏನೋ ಪೂಜೆ ನಡೆದಿದೆ ಎಂದುಕೊಂಡು ಹೊಸ್ತಿಲಲ್ಲಿ ಕೈಮುಗಿದೆ. ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ಒಬ್ಬರು ತಲೆಯೆತ್ತಿ ನೋಡಿದರು.

“ಗುಡಿ ಅಲ್ಲ ತಂಗಿ ಇದು. ಧೂಳಿಗೆ ಅಂಜಿ ಚಪ್ಪಲಿ ಬಿಡೂದು. ಬಾ, ಒಳಗ ಭಾಳ ಥಂಡಿ ಐತಿ, ಸೆರಗು ಹೊದ್ಕೊ.”

ಆವತ್ತಿನಿಂದ ಅವರ ಪಕ್ಕದ ಕುರ್ಚಿ ನನ್ನದಾಯಿತು.

ಅವರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ತಮ್ಮ ಪ್ರೋಗ್ರಾಮನ್ನು ವಿವರಿಸುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಕೇಳುವರು. ಹೇಳುವವರು ನಿಲ್ಲಿಸಿದರೆ “ಮುಂದ?” ಎನ್ನುವರು. ಇನ್ನೇನೂ ಇಲ್ಲ, ಅಷ್ಟೇ ಎಂದರೂ “ಮುಂದ?” ಎನ್ನುವರು. ಎರಡು ಮೂರು ಸಲ ಹಾಗೆ ಕೇಳಿಸಿಕೊಂಡ ಮೇಲೆ ಹೇಳುವವರಿಗೇ ತಮ್ಮ ತಪ್ಪು ಎಲ್ಲಿದೆ ಎಂದು ಹೊಳೆಯುತ್ತಿತ್ತು. ಆಗ ಕಣ್ಣು ತೆರೆದು, “ನಾ ಏನೂ ಹೇಳಿಲ್ಲ ನೋಡ್ರಿ ಮತ್ತ,” ಎಂದು ನಗುವರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವರು. ಹೈಸ್ಕೂಲಿನಲ್ಲಿ ಹುಡುಗಿಯರ ಮುಂದೆ ನಗಬಾರದೆಂದು ಹಿಡಿದು ರೂಢಿಯಾಯಿತಂತೆ.

ಗಂಡ ಬೇಗ ತೀರಿಕೊಂಡಿದ್ದರು. ತಮ್ಮನಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಅವನ ಜೊತೆ ಬಂದು ಗಂಗಾನಗರದಲ್ಲಿ ಮನೆ ಮಾಡಿದ್ದರು. ಇದನ್ನು ಅವರು ಹೇಳಿದ್ದು ಒಂದೇ ಸಲ, ಅದೂ ನಾನು ಸ್ವೆಟರ್ ಯಾರದು ಎಂದು ಕೇಳಿದ್ದರಿಂದ.

ಅವರ ನಿಜವಾದ ಸಂಸಾರ ಕಂಪ್ಯೂಟರ್ ಕೋಣೆಯಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ನಿಯಂತ್ರಣ ಪೆಟ್ಟಿಗೆಗಳಿಗೆ ಮಿದುಳು ಎಂದರೆ ಅಂಗೈಯಷ್ಟಗಲದ ಒಂದು ಬೋರ್ಡು, ಅದರ ಮೇಲೊಂದು ಮೈಕ್ರೊಪ್ರೊಸೆಸರ್. ಆರಂಭದಲ್ಲಿ ಆ ಬೋರ್ಡುಗಳು ನಮಗೆ ಸಿಗುತ್ತಲೇ ಇರಲಿಲ್ಲ. ಹೊರದೇಶದಿಂದ ಬರಬೇಕು, ಬಂದದ್ದು ಬಂದರಿನಲ್ಲಿ ಕೂರುತ್ತಿತ್ತು. ಬೋರ್ಡೇ ಇಲ್ಲದೆ ಅದಕ್ಕೆ ಪ್ರೋಗ್ರಾಮು ಬರೆದು ನೋಡುವುದು ಹೇಗೆ? ಅಕ್ಕೋರು ಒಂದು ಉಪಾಯ ಮಾಡಿದರು. ನಮ್ಮಲ್ಲಿದ್ದ ಬೀರುವಿನಷ್ಟು ದೊಡ್ಡ ಕಂಪ್ಯೂಟರಿನೊಳಗೆ, ಆ ಪುಟ್ಟ ಮೈಕ್ರೊಪ್ರೊಸೆಸರಿನಂತೆಯೇ ನಡೆದುಕೊಳ್ಳುವ ಒಂದು ಪ್ರೋಗ್ರಾಮು ಬರೆದರು. ಅದರೊಳಗೆ ನಮ್ಮ ಪ್ರೋಗ್ರಾಮು ಹಾಕಿದರೆ, ತಾನು ನಿಜವಾದ ಬೋರ್ಡಿನ ಮೇಲೆಯೇ ಓಡುತ್ತಿದ್ದೇನೆಂದು ಅದು ತಿಳಿಯುತ್ತಿತ್ತು. ಸಿಮ್ಯುಲೇಟರ್ ಎಂದು ಅದರ ಹೆಸರು. ನಾವೆಲ್ಲ ಸುಳ್ಳು ಮಿಷನ್ ಎನ್ನುತ್ತಿದ್ದೆವು.

ಸುಳ್ಳು ಮಿಷನ್ ಬಹಳ ನಿಧಾನ. ಬೋರ್ಡು ಕಣ್ಣು ಮಿಟುಕಿಸುವುದರಲ್ಲಿ ಮುಗಿಸುವ ಲೆಕ್ಕಕ್ಕೆ ಅದು ನಮ್ಮನ್ನು ಕ್ಯಾಂಟೀನಿಗೆ ಕಳಿಸಿ ಟೀ ಕುಡಿಸಿ ವಾಪಸು ಕರೆಯುತ್ತಿತ್ತು. ಆಮೇಲೆ ಬೋರ್ಡುಗಳು ಬರತೊಡಗಿದವು. ಆರ್.ಟಿ. ನಗರದ ರವಿ ಎಂಬ ಎಂಜಿನಿಯರ್ ನೇರವಾಗಿ ಬೋರ್ಡಿನ ಮೇಲೆಯೇ ಕೆಲಸ ಮಾಡಬೇಕೆಂದು ಹಟ ಹಿಡಿದ.

“ಅಕ್ಕೋರೆ, ನಿಮ್ ಮಿಷನ್ನು ಎತ್ತಿನ ಗಾಡಿ ಕಣ್ರೀ. ನನ್ ಬೋರ್ಡು ಮೋಟರ್ ಬೈಕು.”

“ಹೌದಪ್ಪಾ ತಮ್ಮಾ. ನಿನ್ನ ಬೈಕು ಬಿದ್ರ ಎಲ್ಲಿ ಬಿತ್ತು, ಹೆಂಗ ಬಿತ್ತು, ಯಾರಿಗೂ ಗೊತ್ತಾಗೂದಿಲ್ಲ. ನನ್ನ ಚಕ್ಕಡಿ ಬಿದ್ರ ಎತ್ತು ನಿಂತು ಹೇಳತಾವ.”

ಅದು ನಿಜವಾಗಿತ್ತು. ಬೋರ್ಡಿನ ಮೇಲೆ ಪ್ರೋಗ್ರಾಮು ತಪ್ಪಿದರೆ ದೀಪ ಆರಿ ಸುಮ್ಮನಾಗಿಬಿಡುತ್ತಿತ್ತು. ಚಿಪ್‌ನಲ್ಲಿ ಬರೆದದ್ದನ್ನು ವಿಶೇಷ ದೀಪದ ಕೆಳಗಿಟ್ಟು ಅಳಿಸಿ, ಮತ್ತೆ ಬರೆದು, ಮತ್ತೆ ಹಾಕಬೇಕು. ಸುಳ್ಳು ಮಿಷನ್ನಿನಲ್ಲಿ ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲಿಸಿ ಒಳಗೆ ಏನಿದೆಯೆಂದು ನೋಡಬಹುದಿತ್ತು. ರವಿ ಹೇಳಿದ್ದೂ ನಿಜವಾಗಿತ್ತು. ಅಕ್ಕೋರ ಮಿಷನ್ ಓಡತೊಡಗಿದರೆ ದೊಡ್ಡ ಕಂಪ್ಯೂಟರಿನಲ್ಲಿ ಉಳಿದವರ ಕೆಲಸವೆಲ್ಲ ತೆವಳುತ್ತಿತ್ತು. ಅದನ್ನು ತೆಗೆದುಬಿಡಿ ಎಂಬ ಗೊಣಗು ಮ್ಯಾನೇಜರ ಕಿವಿ ಮುಟ್ಟಿತು.

ಆ ಹೊತ್ತಿಗೇ ಮೊಟ್ಟೆಯ ಕೆಲಸ ಬಂತು. ಹೆಬ್ಬಾಳ ದಾಟಿ ತಣಿಸಂದ್ರದ ದಾರಿಯಲ್ಲಿ ಮುನಿಯಪ್ಪ ಎಂಬವರು ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಹ್ಯಾಚರಿ ನಡೆಸುತ್ತಿದ್ದರು. ಕಾವಿನ ಪೆಟ್ಟಿಗೆಯನ್ನು ತಾನಾಗಿ ನೋಡಿಕೊಳ್ಳುವ ಸಾಧನ ಅವರಿಗೆ ಬೇಕಿತ್ತು. ಮೂರು ವಾರ ಒಂದೇ ಸಮ ಬಿಸಿ ಇರಬೇಕು, ತಟ್ಟೆಗಳು ಆಗಾಗ ಓರೆಯಾಗಿ ಮೊಟ್ಟೆ ಹೊರಳಬೇಕು. ಕೊನೆಯ ಮೂರು ದಿನ ಮಾತ್ರ ತಟ್ಟೆ ಅಲುಗಬಾರದು, ಗಾಳಿಯಲ್ಲಿ ತೇವ ಹೆಚ್ಚಬೇಕು. ಇಲ್ಲದಿದ್ದರೆ ಮರಿ ಹೊರಗೆ ಬರುವುದಿಲ್ಲ.

“ಅಕ್ಕೋರೆ, ಮೊಟ್ಟೆ ಮುಟ್ಟದೋರು ಮರಿ ಮಾಡೋಕ್ ಹೊರಟ್ರಲ್ಲ!” ಎಂದ ರವಿ.

“ಮುಟ್ಟೂದಿಲ್ಲ ಅಂತನ ಮರಿ ಆಗ್ತಾವಪ್ಪಾ. ನಿನ್ನ ಕೈಗೆ ಸಿಕ್ರ ಆಮ್ಲೆಟ್ ಆಗ್ತಾವ.”

ಇಡೀ ಕೋಣೆ ನಕ್ಕಿತು. ರವಿಯೂ ನಕ್ಕ. ಪ್ರೋಗ್ರಾಮು ಬರೆದವನು ಅವನೇ, ಚೆನ್ನಾಗಿಯೇ ಬರೆದಿದ್ದ. ಬೋರ್ಡಿಗೆ ಹಾಕಿ ಒಂದೆರಡು ದಿನ ಓಡಿಸಿ ಸರಿಯಾಗಿದೆ ಎಂದ. ಮ್ಯಾನೇಜರು, “ಸರಿ, ಇದೇ ಪರೀಕ್ಷೆ ಆಗ್ಲಿ. ಇದನ್ನೇ ನಿಮ್ಮ ಸಿಮ್ಯುಲೇಟರಿನಲ್ಲೂ ಓಡಿಸಿ. ಯಾವುದರಿಂದ ಉಪಯೋಗ ಅಂತ ನೋಡೇಬಿಡೋಣ,” ಎಂದರು.

ಅಕ್ಕೋರ ಮಿಷನ್ನಿನಲ್ಲಿ ಒಂದು ಗುಣವಿತ್ತು, ಅದನ್ನು ಅವತ್ತಿನವರೆಗೆ ಯಾರೂ ಗಮನಿಸಿರಲಿಲ್ಲ. ಕಾವಿನ ಪೆಟ್ಟಿಗೆಯ ಪ್ರೋಗ್ರಾಮು ಬಹುಪಾಲು ಹೊತ್ತು ಕೆಲಸ ಮಾಡುವುದಿಲ್ಲ, ಬರೀ ಕಾಯುತ್ತದೆ. ಸುಳ್ಳು ಮಿಷನ್ ಲೆಕ್ಕ ಮಾಡುವುದರಲ್ಲಿ ನಿಧಾನವಾದರೂ ಅದು ಕಾಯಬೇಕಿರಲಿಲ್ಲ. ಪ್ರೋಗ್ರಾಮು ಸುಮ್ಮನೆ ಕೂತಿದೆ ಎಂದು ಕಂಡ ಕೂಡಲೇ ತನ್ನೊಳಗಿನ ಗಡಿಯಾರವನ್ನು ಮುಂದಿನ ಕೆಲಸದ ಹೊತ್ತಿಗೆ ಜಿಗಿಸಿಬಿಡುತ್ತಿತ್ತು. ಊಟಕ್ಕೆ ಮುಂಚೆ ಶುರು ಮಾಡಿದೆವು. ಸಂಜೆಯ ಟೀ ಹೊತ್ತಿಗೆ ಮೂರು ವಾರ ಕಳೆದಿತ್ತು. ಎರಡನೆಯ ವಾರದ ನಡುವೆ ರವಿಯ ಪ್ರೋಗ್ರಾಮು ದಾರಿ ತಪ್ಪಿದ್ದು ಕಾಗದದ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು. ಗಂಟೆಗಳನ್ನು ಎಣಿಸಲು ಅವನು ಇಟ್ಟಿದ್ದ ಜಾಗ ಚಿಕ್ಕದು, ಅದು ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಬೋರ್ಡಿನ ಮೇಲೆ ಅದು ಗೊತ್ತಾಗಬೇಕಾದರೆ ಹತ್ತು ದಿನಕ್ಕೂ ಹೆಚ್ಚು ಕಾಯಬೇಕಿತ್ತು.

ರವಿ ಕಾಗದ ಹಿಡಿದು ನೋಡಿ, “ಗುರುವೇ, ಎತ್ತಿನ ಗಾಡಿ ಗೆದ್ಬಿಡ್ತಲ್ಲ,” ಎಂದು ಅಕ್ಕೋರಿಗೆ ಕೈ ಮುಗಿದ. ಅವರು ಬಾಯಿಗೆ ಕೈ ಅಡ್ಡ ಹಿಡಿದರು.

ಜಾಗ ದೊಡ್ಡದು ಮಾಡಿ ಮತ್ತೆ ಓಡಿಸಿದರು. ಮೂರೂ ವಾರ ಎಲ್ಲೂ ತಪ್ಪಲಿಲ್ಲ. ನಿಜವಾದ ಬೋರ್ಡಿನ ಮೇಲೂ ಒಮ್ಮೆ ಪೂರ್ತಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. “ಸಿಮ್ಯುಲೇಟರ್ ಪಾಸ್ ಮಾಡಿದೆಯಲ್ಲ, ಇನ್ನೇನು?” ಎಂದರು ಮ್ಯಾನೇಜರು. ಪೆಟ್ಟಿಗೆ ಹ್ಯಾಚರಿಗೆ ಹೋಯಿತು.

ಮೂರು ವಾರದ ಮೇಲೆ ಮುನಿಯಪ್ಪನವರು ಆಫೀಸಿಗೆ ಫೋನು ಮಾಡಿದರು. ಅಕ್ಕೋರು ಮತ್ತು ನಾನು ಹೋದೆವು. ಕಾವಿನ ಕೋಣೆ ಬೆಚ್ಚಗಿತ್ತು, ಸದ್ದೇ ಇರಲಿಲ್ಲ. ತಟ್ಟೆಗಳ ತುಂಬ ಮೊಟ್ಟೆಗಳು ಇಟ್ಟ ಹಾಗೆಯೇ ಇದ್ದವು. ಎಲ್ಲೋ ಒಂದೆರಡು ಬಿರುಕು ಬಿಟ್ಟು ನಿಂತಿದ್ದವು.

“ಏನಂತ ಏಳ್ಲಿ ಅಮ್ಮಾ, ಇಂಗಾಗೋಯ್ತು,” ಎಂದರು ಮುನಿಯಪ್ಪ. “ಕೊನೇ ಮೂರ್ ದಿನ ತಟ್ಟೆ ಆಡ್ಬಾರ್ದು ಅಂತ ನಂಗೊತ್ತು. ಇದು ನಿಲ್ಲನೇ ಇಲ್ಲ. ದಿನಾ ಸಾಯಂಕಾಲ ಕರೆಂಟ್ ಓಗಿ ಬರ್ತಿತ್ತು ನೋಡಿ, ಬಂದೇಟ್ಗೆ ಮತ್ತೆ ಆಡಾಕ್ ಶುರು ಮಾಡ್ತಿತ್ತು. ಕಂಪ್ಯೂಟ್ರು ಅಲ್ವಾ, ನಮ್ಗಿಂತ ಅದ್ಕೆ ಜಾಸ್ತಿ ಗೊತ್ತಿರ್ತದೆ ಅಂದ್ಕಂಡು ಸುಮ್ಕಾದೆ.”

ಅಕ್ಕೋರು ತಿರುಗಿ ನನ್ನ ಮುಖ ನೋಡಿದರು. ನನಗೂ ಆಗಲೇ ಅರ್ಥವಾಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಎಲ್ಲ ಮರೆತು ಮೊದಲ ದಿನದಿಂದ ಎಣಿಸಲು ಶುರು ಮಾಡುತ್ತಿತ್ತು. ಅದಕ್ಕೆ ಕೊನೆಯ ದಿನಗಳು ಬಂದದ್ದೇ ಗೊತ್ತಾಗಿರಲಿಲ್ಲ.

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಇಡೀ ಯಶವಂತಪುರ ಕತ್ತಲಾದರೂ ಹಿತ್ತಲಲ್ಲಿ ಜನರೇಟರ್ ಗುಡುಗುತ್ತಿತ್ತು. ರವಿಯ ಬೋರ್ಡಿಗೂ ಅದೇ ತಂತಿ. ಸುಳ್ಳು ಮಿಷನ್ನಿನೊಳಗಂತೂ ಕರೆಂಟು ಎಂಬುದೇ ಇರಲಿಲ್ಲ. ಸಂಜೆ ಮನೆಗೆ ಹೋಗಿ ದಿನಾ ಮೇಣದಬತ್ತಿ ಹಚ್ಚುತ್ತಿದ್ದವರು ನಾವೇ. ಬೆಳಿಗ್ಗೆ ಆ ತಣ್ಣನೆಯ ಕೋಣೆಗೆ ಬಂದು ಚಪ್ಪಲಿ ಬಿಡುವಾಗ ಆ ಕತ್ತಲೆಯನ್ನೂ ಹೊರಗೆ ಬಿಡುತ್ತಿದ್ದೆವು ಎಂದು ಕಾಣುತ್ತದೆ.

ಅಕ್ಕೋರು ಒಂದು ಮೊಟ್ಟೆ ಕೈಗೆ ತೆಗೆದುಕೊಂಡರು. ಒಡೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಮುನಿಯಪ್ಪ ಹೇಳಿಕೊಟ್ಟರು. ಒಳಗೆ ಮರಿ ಪೂರ್ತಿ ಆಗಿತ್ತು. ಕೊಕ್ಕು, ಕಾಲು, ಮೈಮೇಲೆ ಹಳದಿ ತುಪ್ಪಳ, ಎಲ್ಲ ಇದ್ದು ಒಣಗಿ ಅಂಟಿಕೊಂಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಇನ್ನೊಂದು ಒಡೆದರು, ಮತ್ತೊಂದು. ಸಾಕು ಅಕ್ಕೋರೆ ಎಂದೆ. “ನೋಡಬೇಕವಾ,” ಎಂದು ತಟ್ಟೆ ಮುಗಿಯುವವರೆಗೂ ಒಡೆದರು.

ಬಸ್ಸಿನಲ್ಲಿ ಆ ಕೈಯನ್ನು ಮಡಿಲಿಗೆ ತಾಗಿಸದೆ ಎತ್ತಿ ಹಿಡಿದುಕೊಂಡೇ ಕೂತಿದ್ದರು. ಹೆಬ್ಬಾಳ ಬರುವಾಗ ಹೇಳಿದರು, “ನಾ ಬಲ್ಲಷ್ಟನ್ನ ಅದು ಮಾಡತೈತಿ ತಂಗಿ. ನಾ ಅರಿಯದ್ದು ಅದರಾಗ ಎಲ್ಲಿಂದ ಬರಬೇಕು?”

ಮ್ಯಾನೇಜರು ಕೂಗಾಡಲಿಲ್ಲ. “ಮುನಿಯಪ್ಪನವರು ಒಳ್ಳೇ ಜನ, ಇನ್ನೊಂದು ಸಲ ನೋಡೋಣ ಅಂದಿದ್ದಾರೆ. ಈ ಸಲವೂ ಹೋದ್ರೆ ಈ ಕೆಲಸಾನೂ ಬಂದ್, ನಿಮ್ಮ ಸಿಮ್ಯುಲೇಟರೂ ಬಂದ್. ಬೇರೆ ದಾರಿ ಇಲ್ಲ ನಂಗೆ,” ಎಂದರು. ಅಕ್ಕೋರು ತಲೆಯಾಡಿಸಿದರು. ಮಿಷನ್ ಹೋದರೆ ಹೋಗಲಿ ಎಂಬಂತೆ ಇದ್ದರು. ಅವರನ್ನು ಹಿಡಿದಿದ್ದು ಆ ತಟ್ಟೆ. ಊಟಕ್ಕೆ ಕೂತಾಗ ಒಂದು ದಿನ, “ಹೊರಗ ಬರೂದೊಂದ ಬಾಕಿ ಇತ್ತು ಅವಕ್ಕ,” ಎಂದು ಡಬ್ಬಿ ಮುಚ್ಚಿದರು.

ರವಿ ಬೋರ್ಡಿಗೆ ಒಂದು ಪುಟ್ಟ ಬ್ಯಾಟರಿ ಸೇರಿಸಿದ, ದಿನದ ಲೆಕ್ಕವೊಂದು ಮಾತ್ರ ಅಳಿಯದೆ ಉಳಿಯುವಂತೆ. ಎಷ್ಟನೆಯ ದಿನ ಎಂದು ತೋರಿಸುವ ಕೆಂಪು ಅಂಕಿಗಳನ್ನೂ ಮುಂದೆ ಕೂರಿಸಿದ. ಅಕ್ಕೋರು ಸುಳ್ಳು ಮಿಷನ್ನಿಗೆ ಕರೆಂಟು ಹೋಗುವುದನ್ನು ಕಲಿಸಿದರು. ಯಾವಾಗ ಹೋಗಬೇಕೆಂದು ತಾವು ನಿರ್ಧರಿಸಲಿಲ್ಲ. “ನಾ ಹೇಳಿದ್ರ ನನಗ ಅನುಕೂಲ ಆದಾಗ ಹೋಗತೈತಿ. ತಂಗಿ, ನೀ ಕರೆಂಟ್ ಆಫೀಸ್ ಆಗು. ದಯಾ ದಾಕ್ಷಿಣ್ಯ ಬ್ಯಾಡ,” ಎಂದು ನನಗೆ ಕೀಲಿಮಣೆ ಕೊಟ್ಟರು. ನಾನು ಮನಸ್ಸಿಗೆ ಬಂದಾಗ ತೆಗೆದೆ, ಕೊಟ್ಟೆ, ಕೊಟ್ಟ ಕೂಡಲೇ ಮತ್ತೆ ತೆಗೆದೆ. ಎರಡು ಕಡೆ ಪ್ರೋಗ್ರಾಮು ಎಡವಿತು. ರವಿ ಸರಿ ಮಾಡಿದ. “ಯಲಹಂಕದೋರಿಗೆ ಕರೆಂಟ್ ಕೊಟ್ರೆ ಇಷ್ಟೇ ಕಣ್ರೀ, ಕಿತ್ಕೊಳ್ಳೋದೇ ಕೆಲಸ,” ಎಂದು ನನ್ನನ್ನು ರೇಗಿಸಿದ. ಅಕ್ಕೋರು ನಗಲಿಲ್ಲ.

ಎಲ್ಲ ಸರಿಹೋದ ಮೇಲೆ ಅವರು ಮ್ಯಾನೇಜರ ಕೋಣೆಗೆ ಹೋಗಿ ಒಂದೇ ಮಾತು ಕೇಳಿದರು. ಪೆಟ್ಟಿಗೆ ಹ್ಯಾಚರಿಯಲ್ಲೇ, ಅಲ್ಲಿಯ ಕರೆಂಟಿನಲ್ಲೇ ಮೂರು ವಾರ ಓಡಬೇಕು, ನಮ್ಮವರೊಬ್ಬರು ದಿನಾ ಹೋಗಿ ನೋಡಬೇಕು. “ಈ ಸಲ ಜಿಗಿಸೂದು ಬ್ಯಾಡ ಸರ್. ಕಾಯೋಣ.”

ಮೊದಲ ಕೆಲವು ದಿನ ಅವರೇ ಹೋದರು. ಆಮೇಲೆ ಎದೆ ಹಿಡಿದುಕೊಳ್ಳುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ರಜಾ ಹಾಕಿದರು. ನಾನು ಹೋಗತೊಡಗಿದೆ. ಒಂದು ಸಂಜೆ ಗಂಗಾನಗರದ ಮನೆಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಮೈಮೇಲೆ ಅದೇ ಸ್ವೆಟರ್. ಪೆಟ್ಟಿಗೆಯ ಸುದ್ದಿ ತೆಗೆದೆ. ಕೈ ಅಡ್ಡ ಹಿಡಿದು ತಡೆದರು. “ಮುಗಿಯೂತನಕ ಏನೂ ಹೇಳಬ್ಯಾಡ. ಉಂಡು ಹೋಗು.” ಅವರ ತಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ಕಾರ್ಖಾನೆಯ ಫಿಟ್ಟರ್, ಮಾತು ಕಮ್ಮಿ. ನನಗೆ ಬಡಿಸಿದವರೂ ಅವರೇ. ಕಂಪ್ಯೂಟರಿನ ವಿಷಯವಾಗಿ ಒಂದು ಮಾತೂ ಕೇಳಲಿಲ್ಲ.

ಎರಡನೆಯ ವಾರ ಮುಗಿದು ಮೂರನೆಯದಕ್ಕೆ ಬಿದ್ದಿತ್ತು. ಮಧ್ಯಾಹ್ನ ಆಫೀಸಿಗೆ ಫೋನು ಬಂತು. ರವಿ ತೆಗೆದುಕೊಂಡ. ಇಟ್ಟ ಮೇಲೆ ನನ್ನ ಕಡೆ ತಿರುಗಿ, “ಅಕ್ಕೋರು ಹೋಗ್ಬಿಟ್ರಂತೆ,” ಎಂದ. ಎಲ್ಲಿಗೆ ಎಂದು ಕೇಳಿದೆ.

ಮರುದಿನ ಮಣ್ಣು ಮಾಡಿ ಬಂದೆವು. ಅದರ ಮಾರನೆಯ ದಿನ ನಾನು ಹ್ಯಾಚರಿಗೆ ಹೋದೆ. ಯಾರಾದರೂ ಹೋಗಲೇಬೇಕಿತ್ತು. ಮುನಿಯಪ್ಪನವರಿಗೆ ಸುದ್ದಿ ತಿಳಿಸಿದೆ. ಅವರು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಜಕ್ಕೂರಿನ ಕಡೆಯಿಂದ ತರಬೇತಿಯ ಪುಟ್ಟ ವಿಮಾನವೊಂದು ಬಂದು ನಮ್ಮ ತಲೆಯ ಮೇಲೆ ಸುತ್ತು ಹಾಕಿ ಹೋಯಿತು. ಅದು ಹೋಗುವವರೆಗೆ ಇಬ್ಬರೂ ಅದನ್ನೇ ನೋಡಿದೆವು.

ಕೊನೆಯ ಮೂರು ದಿನ ಬಂದಾಗ ತಟ್ಟೆಗಳು ನಿಂತವು. ಸಂಜೆ ಕರೆಂಟು ಹೋಯಿತು. ಬಂದ ಮೇಲೆ ಕೆಂಪು ಅಂಕಿ ಇದ್ದದ್ದೇ ಇತ್ತು, ತಟ್ಟೆಗಳು ಅಲುಗಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಕಾಗದದ ಮೇಲೆ ಗುರುತು ಹಾಕಿ ಬಸ್ಸಿಗೆ ಹೋದೆ.

ಮರಿಗಳು ಬಂದ ದಿನ ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಮೊದಲು ಒಂದು ಮೂಲೆಯಿಂದ ಸಣ್ಣ ಸದ್ದು, ಆಮೇಲೆ ತಟ್ಟೆಯಿಂದ ತಟ್ಟೆಗೆ. ಗಾಜಿನ ಕಿಂಡಿಯಲ್ಲಿ ಒದ್ದೆ ತಲೆಗಳು ಕಂಡವು. ಬಾಗಿಲು ತೆಗೆಯಬೇಡಿ, ಮೈ ಒಣಗಲಿ ಎಂದರು ಮುನಿಯಪ್ಪ. ಮಧ್ಯಾಹ್ನ ತೆಗೆದಾಗ ಕೋಣೆಯಲ್ಲಿ ಮಾತು ಕೇಳಿಸದಷ್ಟು ಗಲಾಟೆ. ಕೆಲವು ಮೊಟ್ಟೆ ಹಾಗೇ ಉಳಿದಿದ್ದವು. ಅಷ್ಟು ಯಾವಾಗಲೂ ಉಳಿಯುತ್ತವಂತೆ.

“ಕೈಗ್ ತಕ್ಕಳ್ಳಮ್ಮ, ಏನೂ ಮಾಡಾಕಿಲ್ಲ,” ಎಂದು ಒಂದು ಮರಿಯನ್ನು ನನ್ನ ಕೈಗಿಟ್ಟರು. ಅದು ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡು ವಾಪಸು ಬಿಟ್ಟೆ.

ಪಕ್ಕದ ಅಂಗಡಿಯಿಂದ ಆಫೀಸಿಗೆ ಫೋನು ಮಾಡಿದೆ. “ಒಳ್ಳೇದಾಯ್ತು,” ಎಂದರು ಮ್ಯಾನೇಜರು. ಆಮೇಲೆ, “ಆ ಸಿಮ್ಯುಲೇಟರ್ ಇರ್ಲಿ ಬಿಡಮ್ಮ. ಯಾರೂ ಮುಟ್ಟೋದು ಬೇಡ,” ಎಂದರು. ಸರಿ ಸರ್ ಎಂದೆ.

ಹೆಬ್ಬಾಳದಲ್ಲಿ ಇಳಿದವಳು ಯಲಹಂಕದ ಬಸ್ಸಿಗೆ ಕಾಯದೆ ಗಂಗಾನಗರಕ್ಕೆ ನಡೆದೆ. ತಮ್ಮನವರು ಬಾಗಿಲು ತೆಗೆದರು. ಮಂಚ ಎತ್ತಿಟ್ಟಿದ್ದರಿಂದ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಕೂತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ, “ಮರಿ ಆದವು,” ಎಂದೆ.

ಅವರು ನೀರಿನ ಲೋಟ ನನ್ನ ಮುಂದಿಟ್ಟು ಎದುರಿಗೆ ಕೂತರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಅಕ್ಕ ಒಂದ ಮಾತು ಕೇಳು ಅಂದಿದ್ಲು,” ಎಂದರು. “ಮರಿ ಆದ್ವು ಅಂತ ಬಂದು ಹೇಳಿದ್ರ ಲಗೂನ ನಂಬಬ್ಯಾಡ, ಮೊದಲ ಇದನ್ನ ಕೇಳು ಅಂದಿದ್ಲು. ನನಗ ಇದರಾಗಿಂದು ಏನೂ ತಿಳಿಯೂದಿಲ್ರಿ. ಆಕಿ ಅಂದಂಗ ಕೇಳತೀನಿ. ನಡುವ ಕರೆಂಟ್ ಹೋಗಿತ್ತೇನ್ರಿ?”

“ಹೋಗಿತ್ತು,” ಎಂದೆ. “ದಿನಾ ಹೋಗ್ತಿತ್ತು.”

“ಹಂಗಾರ ಆತು,” ಎಂದರು.